ನಿಂತಾಗ ಉಸಿರಾಡುವ ಕೋಣೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹಳೆಯ ಶೈತ್ಯಾಗಾರದ ದಪ್ಪ ಬಾಗಿಲನ್ನು ಹೆಗಲಿನಿಂದ ದೂಡಿ ಒಳಗೆ ಕಾಲಿಡುವ ಹೆಂಗಸಿನ ಮೈಮೇಲೆ ಎರಡು ಸ್ವೆಟರುಗಳಿವೆ, ಅವುಗಳ ಮೇಲೆ ಗಂಡನ ಹಳೆಯ ಕೋಟಿದೆ. ಕಿವಿಗೆ ಮಾತ್ರ ಏನೂ ಇಲ್ಲ. ಮೀನು, ಬಟಾಣಿಗಳು ಕಲ್ಲಾಗಿ ಕೂತಿರುವ ಈ ಚಳಿಯಲ್ಲಿ ಎಲ್ಲರೂ ಮೊದಲು ಮುಚ್ಚಿಕೊಳ್ಳುವುದು ಕಿವಿಯನ್ನೇ. ಈಕೆಗೆ ಆ ಭಾಗ್ಯವಿಲ್ಲ. ಮೂಲೆಯ ಕೋಣೆಗೆ ಹೋಗಿ, ತಲೆಯ ಮೇಲಿನ ಪೈಪನ್ನು ಸ್ಪ್ಯಾನರಿನಿಂದ ಎರಡು ಸಲ ಬಡಿಯುತ್ತಾರೆ. ಗೋಡೆಯಾಚೆ, ಯಂತ್ರದ ಮನೆಯಲ್ಲಿ, ಅದೇ ಪೈಪಿನ ಮೇಲೆ ಅಂಗೈ ಊರಿ ನಿಂತಿರುವ ಅವರ ಗಂಡನಿಗೆ ಆ ಬಡಿತ ಕೇಳಿಸುವುದಿಲ್ಲ, ಕೈಗೆ ತಾಕುತ್ತದೆ. ಅವರು ಗುಂಡಿ ಒತ್ತುತ್ತಾರೆ.

ಕಂಪ್ರೆಸರ್ ನಿಲ್ಲುತ್ತದೆ. ಫ್ಯಾನುಗಳು ತಿರುಗಿ ತಿರುಗಿ ಸೋತು ಸುಮ್ಮನಾಗುತ್ತವೆ. ಹಗಲಿರುಳು ಮೊರೆಯುವ ಕಟ್ಟಡ ಬಾಯಿ ಮುಚ್ಚಿದೊಡನೆ, ಆ ಮೊರೆತದ ಅಡಿಯಲ್ಲಿ ಅಡಗಿದ್ದ ಸದ್ದುಗಳೆಲ್ಲ ಒಂದೊಂದಾಗಿ ಹೊರಬರುತ್ತವೆ. ಎಲ್ಲೋ ಮಂಜುಗಡ್ಡೆ ಬಿರಿಯುತ್ತದೆ. ಪೈಪುಗಳು ಯಾರೋ ಬೆರಳಿನ ನೆಟಿಗೆ ಮುರಿದಂತೆ ಲಟಲಟಿಸುತ್ತವೆ. ನೆಲದ ಮೇಲಿನ ಬಿಳಿಯ ಆವಿ ತೆವಳುತ್ತ ಬಾಗಿಲ ಕಡೆಗೆ ಸರಿಯುತ್ತದೆ. ಕೋಣೆಯೊಳಗಿನ ಹೆಂಗಸು ತಮ್ಮ ಕೈಯ ಟಾರ್ಚನ್ನೂ ಆರಿಸಿಬಿಡುತ್ತಾರೆ.

"ಬೆಳಕಿದ್ರೆ ಕಣ್ಣು ಮುಂದೆ ನುಗ್ಗುತ್ತೆ, ಕಿವಿ ಹಿಂದೆ ಉಳಿಯುತ್ತೆ," ಎಂದು ಪಿಸುಗುಟ್ಟಿ, ಆ ಕತ್ತಲೆಯಲ್ಲಿ ತಮ್ಮ ಉಸಿರನ್ನು ಬಿಗಿಹಿಡಿದು, ಕೋಣೆ ಉಸಿರಾಡುತ್ತಿದೆಯೇ ಎಂದು ಕಿವಿಗೊಡುತ್ತಾರೆ.

ಕಂಪನಿಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಇವರನ್ನು ಕರೆಯುವುದು ಸೋಪಕ್ಕ ಎಂದು. ಕೈಯಲ್ಲಿ ಸದಾ ಇರುವ ಪ್ಲಾಸ್ಟಿಕ್ ಡಬ್ಬಿಯೇ ಆ ಹೆಸರಿಗೆ ಮೂಲ. ಅದರಲ್ಲಿ ಸೋಪಿನ ನೀರು, ಹೆಪ್ಪುಗಟ್ಟದಿರಲೆಂದು ಬೆರೆಸಿದ ಗ್ಲಿಸರಿನ್, ಜೊತೆಗೊಂದು ಬಣ್ಣ ಬಳಿಯುವ ಬ್ರಷ್. ಕೋಣೆಗಳನ್ನು ತಣ್ಣಗಿಡುವ ಗ್ಯಾಸ್ ಈ ಪೈಪುಗಳೊಳಗೆ ಹರಿದಾಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪೈಪಿಗೆ ಪೈಪು ಸೇರುವ ಕೂಡುಗಳಲ್ಲಿ, ವಾಲ್ವುಗಳ ಕತ್ತಿನಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ಸಂದಿದ್ದರೂ ಸಾಕು, ಹೊರಟುಹೋಗುತ್ತದೆ. ಅನುಮಾನವಿದ್ದಲ್ಲಿ ಸೋಪಕ್ಕ ನೊರೆ ಬಳಿಯುತ್ತಾರೆ. ನೊರೆ ಸುಮ್ಮನಿದ್ದರೆ ಕ್ಷೇಮ. ಗುಳ್ಳೆ ತಾನಾಗಿ ಉಬ್ಬಿದರೆ ಅಲ್ಲಿ ಸೋರಿಕೆ. ಸೋರಿಕೆ ಹುಡುಕುವ ಯಂತ್ರವೂ ಕಂಪನಿಯಲ್ಲಿದೆ. ಈ ಹಳೆಯ ಕಟ್ಟಡದೊಳಗೆ ತಂದರೆ ಅದು ಬಾಗಿಲಿನಿಂದಲೇ ಕೂಗತೊಡಗುತ್ತಿತ್ತು, ಯಾವ ಮೂಲೆಗೆ ಹಿಡಿದರೂ ಕೂಗುತ್ತಲೇ ಇರುತ್ತಿತ್ತು. "ತೊಟ್ಟಿಲ ಮಗು ಥರ. ಅಳೋದು ಗೊತ್ತು, ಯಾಕೆ ಅಂತ ಹೇಳೋಕೆ ಬರಲ್ಲ," ಎಂದು ಸೋಪಕ್ಕ ನಗುತ್ತಾರೆ.

ಇಲ್ಲಿಗೆ ಅವರು ಬಂದದ್ದು ನೆಲ ತೊಳೆಯುವ ಕೆಲಸಕ್ಕೆ. ಆಗಿನ ಮೆಕ್ಯಾನಿಕ್ ಒಂದು ದಿನ ಏಣಿಯ ಮೇಲಿನಿಂದಲೇ "ಏನಮ್ಮಾ, ನಿನ್ನ ಬಕೆಟ್ ನೊರೆ ಸ್ವಲ್ಪ ಕೊಡು" ಎಂದು ಕೇಳಿದರು. ಮರುದಿನ ಏಣಿ ಹಿಡಿಯಲು ಕರೆದರು. ಕೆಲವು ತಿಂಗಳಲ್ಲಿ ಏಣಿಯ ಮೇಲೆ ಈಕೆ, ಕೆಳಗೆ ಅವರು. ಅಂದಿನಿಂದ ಇಂದಿನವರೆಗೆ ಚಳಿ ತನ್ನ ಬಾಡಿಗೆಯನ್ನು ಬಿಡದೆ ವಸೂಲಿ ಮಾಡಿದೆ. ಬೆರಳ ತುದಿಗಳು ಬಿಳಿಚಿವೆ, ಎಡಗೈಯ ಎರಡು ಉಗುರುಗಳು ಹೋದವು, ಮರಳಿ ಬೆಳೆಯಲಿಲ್ಲ, ಬಿಸಿ ಲೋಟ ಹಿಡಿದರೆ ಸುಟ್ಟದ್ದು ತಡವಾಗಿ ತಿಳಿಯುತ್ತದೆ. ಗಂಡನದು ಇನ್ನೊಂದು ಬಗೆಯ ನಷ್ಟ. ಕಂಪ್ರೆಸರ್ ಆಪರೇಟರಾಗಿ ಆ ಮೊರೆತದ ನಡುವೆಯೇ ವಯಸ್ಸು ಕಳೆದವರಿಗೆ ಕಿವಿ ಮಂದವಾಗಿದೆ.

"ಇವಳಿಗೆ ಸೊಳ್ಳೆ ಆಕಳಿಸಿದ್ರೂ ಕೇಳುತ್ತೆ," ಎಂದು ಅವರು ದೂರುತ್ತಾರೆ. "ಟೀ ಅಂತ ಕೂಗಿದ್ರೆ ಮಾತ್ರ ಕೇಳಲ್ಲ."

"ನೀವು ಕೂಗೋದು ಪಕ್ಕದ ಬೀದಿಗೇ ಕೇಳುತ್ತೆ. ಅವರು ಕೊಡ್ಲಿ ಬಿಡಿ."

ಹಾಸ್ಯ ಮುಗಿದ ಮೇಲೆ ಗಂಡ ಸ್ವಲ್ಪ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಸೇರಿಸುತ್ತಾರೆ. "ಒಂದೊಂದು ಸಲ ಇವಳು ಮನೇಲಿರುವಾಗಲೂ ಪೈಪ್ ಬಡಿಯುತ್ತೆ. ಎರಡೇ ಏಟು. ನಾನು ಕೈ ತೆಗೆದುಬಿಡ್ತೀನಿ."

ಬಹಳ ಕಾಲ ಸೋರಿಕೆಯೆಂದರೆ ಯಾರಿಗೂ ತಲೆನೋವಾಗಿರಲಿಲ್ಲ. ಗ್ಯಾಸ್ ಕಡಿಮೆಯಾಯಿತೆ, ಇನ್ನೊಂದು ಸಿಲಿಂಡರ್ ತರಿಸಿ ತುಂಬಿಸಿ ಎಂಬುದೇ ಕಚೇರಿಯ ಉತ್ತರ. ಆಮೇಲೆ ಗಾಳಿ ಬೇರೆ ಕಡೆಯಿಂದ ಬೀಸಿತು. ಇಲ್ಲಿಯ ಸರಕನ್ನು ಕೊಳ್ಳುವ ದೊಡ್ಡ ಅಂಗಡಿಗಳ ಕಂಪನಿ, ತನಗೆ ಮಾರುವವರೆಲ್ಲ ತಮ್ಮಿಂದ ಗಾಳಿಗೆ ಹೋಗುವುದರ ಲೆಕ್ಕವಿರುವ ಹವಾಮಾನ ವರದಿಯನ್ನು ವರ್ಷಕ್ಕೊಮ್ಮೆ ಕೊಡಬೇಕೆಂದು ಹೇಳಿಕಳುಹಿಸಿತು. ಕರೆಂಟು, ಡೀಸೆಲ್‌ಗಳ ಲೆಕ್ಕ ಮೊದಲಿನಿಂದಲೂ ಇತ್ತು. ಈಗ ಗಾಳಿಗೆ ಹೋದ ಗ್ಯಾಸಿನ ಲೆಕ್ಕವೂ ಬೇಕಾಯಿತು. ಈ ಗ್ಯಾಸಿನ ಒಂದು ಕಿಲೋ ಭೂಮಿಯನ್ನು ಕಾಯಿಸುವುದರಲ್ಲಿ ಸಾವಿರಕ್ಕೂ ಮಿಕ್ಕಿದ ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅದರ ಮೇಲೆ, ಇಂಥ ಗ್ಯಾಸಿನ ಮಾರಾಟವನ್ನು ವರ್ಷವರ್ಷಕ್ಕೂ ಇಳಿಸುತ್ತ ಹೋಗಿ ಕೊನೆಗೆ ನಿಲ್ಲಿಸುವ ಕಾನೂನೂ ಬಂತು. ನಿನ್ನೆಯವರೆಗೆ ತುಂಬಿಸಿ ಮರೆಯುತ್ತಿದ್ದ ಸಿಲಿಂಡರು ಮಾಲೀಕರ ಸಭೆಯ ಮೇಜಿನ ಮೇಲೆ ಬಂದು ಕೂತಿತು.

ಸಭೆಯ ತೀರ್ಮಾನ ಚಿಕ್ಕದಾಗಿತ್ತು. ಈ ವರ್ಷದ ವರದಿಯಲ್ಲಿಯೂ ಹಳೆಯ ಕಟ್ಟಡದ ಸೋರಿಕೆ ಇಳಿಯದಿದ್ದರೆ ಅದನ್ನು ಮುಚ್ಚಿ, ಸರಕನ್ನು ಬೇರೆಯವರ ಬಾಡಿಗೆ ಶೈತ್ಯಾಗಾರದಲ್ಲಿ ಇಡುವುದು. ಹಾಗಾದರೆ ಇಲ್ಲಿಯ ಹಮಾಲರಿಗೆ, ಪ್ಯಾಕಿಂಗಿನ ಹೆಂಗಸರಿಗೆ, ಸೋಪಕ್ಕನಿಗೆ, ಅವರ ಗಂಡನಿಗೆ ಕೆಲಸವಿಲ್ಲ. ಮ್ಯಾನೇಜರ್ ಮಾತನ್ನು ಮುಚ್ಚಿಡುವವರಲ್ಲ. "ಬಾಡಿಗೆ ಜಾಗಕ್ಕೆ ಹಾಕಿದ್ರೆ ಸೋರಿಕೆ ಬೇರೆಯವರದ್ದಾಗಿ, ನಮ್ಮ ವರದಿಯ ಮೊದಲನೇ ಪುಟದಿಂದ ಕೊನೇ ಪುಟಕ್ಕೆ ಹೋಗುತ್ತೆ. ಆಕಾಶಕ್ಕೇನು, ಎರಡು ಪುಟವೂ ಒಂದೇ. ಆದ್ರೆ ಎಲ್ಲರೂ ಮೊದಲು ಓದೋದು ಮೊದಲನೇ ಪುಟ."

ಸೋರಿಕೆ ಎಲ್ಲಿ ಎಂಬುದು ಮಾತ್ರ ಯಾರಿಗೂ ತಿಳಿಯದು. ಸೋಪಕ್ಕ ಕಟ್ಟಡದ ಪ್ರತಿಯೊಂದು ಕೂಡಿಗೂ ನೊರೆ ಬಳಿದರು. ಮೂಲೆಯ ಕೋಣೆಗೆ ಎರಡೆರಡು ಸಲ ಬಳಿದರು. ಒಂದು ಗುಳ್ಳೆಯೂ ಏಳಲಿಲ್ಲ. ಗ್ಯಾಸ್ ಮಾತ್ರ ಕರಗುತ್ತಲೇ ಇತ್ತು.

ಆ ಮೂಲೆಯ ಕೋಣೆಗೆ ಹಮಾಲರು ಒಬ್ಬೊಬ್ಬರೇ ಹೋಗುವುದನ್ನು ಬಿಟ್ಟು ವರ್ಷಗಳಾಗಿದ್ದವು. ಕರೆಂಟು ಹೋದಾಗ ಅಲ್ಲಿ ಯಾರೋ ನಿಟ್ಟುಸಿರು ಬಿಡುತ್ತಾರೆ ಎಂಬುದು ಅವರ ಮಾತು. ನೆಲಮಟ್ಟದ ಪೆಟ್ಟಿಗೆ ಎತ್ತಲು ಬಗ್ಗಿದ ಒಬ್ಬ ಹಾಗೆಯೇ ಮಂಡಿಯೂರಿ ಕುಸಿದಿದ್ದ. ಹೊರಗೆ ತಂದು ಮಲಗಿಸಿದಾಗ, ನೆಲದಿಂದ ಯಾರೋ ತನ್ನ ಉಸಿರನ್ನು ಎಳೆದುಕೊಂಡರು ಎಂದಷ್ಟೇ ಹೇಳಿದ. ಹಮಾಲರ ಮೇಸ್ತ್ರಿ ಇದನ್ನೆಲ್ಲ ಸೋಪಕ್ಕನಿಗೆ ಹೇಳಿದ್ದುಂಟು.

"ನಾನು ನಕ್ಕುಬಿಟ್ಟೆ," ಎನ್ನುತ್ತಾರೆ ಸೋಪಕ್ಕ. "ಮೂಟೆ ಹೊತ್ತು ಸುಸ್ತಾದೋರಿಗೆ ಗೋಡೆಯೂ ನಿಟ್ಟುಸಿರು ಬಿಟ್ಟ ಹಾಗೆ ಕೇಳುತ್ತೆ ಅಂದೆ. ಮೇಸ್ತ್ರಿಗೆ ಕೋಪ ಬಂತು. ಅಕ್ಕಾ, ನಿಮ್ಮ ಸೋಪಿಗೆ ನಮ್ಮ ಮಾತೂ ಜಾರಿಹೋಗುತ್ತೆ ಬಿಡಿ ಅಂದ."

ಗಂಟು ಬಿಚ್ಚಿದ್ದು ಒಂದು ಪ್ರಶ್ನೆ. ವರದಿ ಬರೆಯಲು ಕಚೇರಿಗೆ ಹೊಸದಾಗಿ ಬಂದಿದ್ದ ತರುಣಿ, ಎಲ್ಲರ ಬಾಯಲ್ಲಿ ವರದಿ ಮೇಡಂ, ನಮೂನೆಯ ಕಾಗದ ಹಿಡಿದು ಒಂದು ಬೆಳಿಗ್ಗೆ ಯಂತ್ರದ ಮನೆಗೆ ಬಂದರು. ಆ ವರ್ಷದ ನಮೂನೆಯಲ್ಲಿ ಹೊಸದೊಂದು ಸಾಲು ಸೇರಿತ್ತು.

"ಯಂತ್ರ ನಿಂತಿರುವಾಗಲೂ ಪರೀಕ್ಷೆ ಮಾಡಿದ್ದೀರಾ ಅಂತ ಕೇಳಿದಾರೆ, ಅಕ್ಕಾ. ಹೌದು ಅಂತ ಹಾಕ್ಲಾ?"

"ನಿಂತಾಗ ಯಾಕೆ ಮಾಡ್ತೀವಿ? ನಿಲ್ಲಿಸಿದ್ರೆ ಮೀನು ಕೆಡಲ್ವಾ?"

"ನನಗೇನು ಗೊತ್ತು? ಕೇಳಿದಾರೆ, ಕೇಳ್ದೆ."

ನಿಲ್ಲಿಸಬಾರದೆಂಬುದು ಇಲ್ಲಿಯ ಮೊದಲ ಪಾಠ. ಸರಕಿನ ಮೇಲಿನ ಭಯಭಕ್ತಿಯಿಂದ ಎಲ್ಲ ಪರೀಕ್ಷೆಯೂ ಓಡುವ ಯಂತ್ರದಲ್ಲೇ ನಡೆಯುತ್ತಿತ್ತು. ಕರೆಂಟು ಹೋದರೆ ಸೋಪಕ್ಕನ ಕೆಲಸ ಬಾಗಿಲು ಭದ್ರಪಡಿಸಿ ಹೊರಗೆ ಕಾಯುವುದು. ಹಮಾಲರ ನಿಟ್ಟುಸಿರಿನ ಮಾತು ನೆನಪಾಗಿ, ಆ ದಿನ ಮಧ್ಯಾಹ್ನ ಮ್ಯಾನೇಜರರ ಒಪ್ಪಿಗೆ ಪಡೆದು ಮೊದಲ ಬಾರಿಗೆ ಯಂತ್ರ ನಿಲ್ಲಿಸಿದರು. ನೆಲದಲ್ಲಿ ಗ್ಯಾಸ್ ನಿಂತಿರಬಹುದೆಂಬ ಅಂಜಿಕೆಯಿಂದ ಬಾಗಿಲನ್ನು ತೆರೆದಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ತುದಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟು ಸೋಪಕ್ಕ ಮೂಲೆಯ ಕೋಣೆಯಲ್ಲಿ ಏಣಿ ಹತ್ತಿದರು. ವಾಲ್ವಿನ ಕತ್ತಿಗೆ ಕಟ್ಟಿದ್ದ ಮಂಜನ್ನು ಬಿಸಿಬಟ್ಟೆಯಿಂದ ಕರಗಿಸಿ ನೊರೆ ಬಳಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಅವರ ಮುಖದ ಹತ್ತಿರವೇ, ದೀರ್ಘವಾಗಿ, ಬಳಲಿದವರು ಬಿಟ್ಟಂತೆ ಒಂದು ನಿಟ್ಟುಸಿರು. ನೊರೆಯಿಂದ ಒಂದು ಗುಳ್ಳೆ ಎದ್ದು, ನಿಂಬೆಹಣ್ಣಿನಷ್ಟಾಗಿ, ಟಾರ್ಚಿನ ಬೆಳಕಿನಲ್ಲಿ ನಡುಗುತ್ತ ನಿಂತಿತು.

"ಇಷ್ಟು ವರ್ಷ ನಾವೆಲ್ಲ ಅದರ ಹೊಟ್ಟೆಯೊಳಗೇ ಓಡಾಡ್ತಿದ್ವಿ ಅನ್ನಿಸ್ತು. ಮತ್ತೆ ಯಂತ್ರ ಹಾಕಿ ಅಂತ ಪೈಪ್ ಬಡಿದೆ. ಹಾಕಿದ ತಕ್ಷಣ ಗುಳ್ಳೆ ಒಳಗೆ ಹೋಯ್ತು, ಯಾರೋ ಸೊರ್ ಅಂತ ಹೀರಿಕೊಂಡ ಹಾಗೆ."

ಅಷ್ಟೇ ಗುಟ್ಟು. ಅತಿ ಚಳಿಯಲ್ಲಿ ಯಂತ್ರ ಓಡುವಾಗ ಆ ಪೈಪಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಸಂದು ಗಾಳಿಯನ್ನು ಒಳಗೆಳೆಯುತ್ತದೆ, ನೊರೆ ಉಬ್ಬುವುದಿಲ್ಲ. ಕರೆಂಟು ಹೋಗಿ ಯಂತ್ರ ನಿಂತಾಗ ಒತ್ತಡ ಏರಿ ಗ್ಯಾಸ್ ಹೊರಬರುತ್ತದೆ, ಭಾರವಾದ್ದರಿಂದ ನೆಲಕ್ಕಿಳಿದು ಕೂರುತ್ತದೆ. ಕುಸಿದ ಹಮಾಲನ ಉಸಿರನ್ನು ಎಳೆದದ್ದು ಅದೇ. ಸೋಪಕ್ಕ ಅದೇ ಸಂಜೆ ಮೇಸ್ತ್ರಿಯ ಮುಂದೆ ನಿಂತು, ನಕ್ಕದ್ದು ತಪ್ಪಾಯಿತೆಂದರು. "ಈಗಲಾದ್ರೂ ನಮ್ಮ ಮಾತು ನೊರೆಗೆ ಅಂಟಿತಲ್ಲ," ಎಂದ ಮೇಸ್ತ್ರಿ. ವಾಲ್ವ್ ಬದಲಾಯಿತು. ಪ್ರತಿ ಬೆಳಿಗ್ಗೆ ಸ್ವಲ್ಪ ಹೊತ್ತು ಯಂತ್ರ ನಿಲ್ಲಿಸಿ ಕೇಳುವ ಪದ್ಧತಿಯೂ ಬಂತು.

ವರದಿ ಸಭೆಗೆ ಹೋಗುವ ವಾರ ಮೇಸ್ತ್ರಿ ಮತ್ತೆ ಬಂದ. ಕೂಗಾಡಲಿಲ್ಲ. "ಅಕ್ಕಾ, ಅದು ಇನ್ನೂ ಉಸಿರು ಬಿಡ್ತಾ ಇದೆ," ಎಂದ.

ಸೋರಿಕೆ ಉಳಿದಿದ್ದರೆ ವರದಿ ಬಿದ್ದೀತು, ಕಟ್ಟಡ ಮುಚ್ಚೀತು. ಸುಮ್ಮನಿರುವಂತೆ ಹೇಳಲು ಪ್ಯಾಕಿಂಗಿನ ಹೆಂಗಸರು ಸೋಪಕ್ಕನ ಮನೆಯವರೆಗೂ ಬಂದರು. ವರದಿ ಮೇಡಂ ಪೆನ್ನು ಹಿಡಿದು ಬಾಗಿಲಲ್ಲಿ ಕಾದರು. ಸೋಪಕ್ಕ ಒಳಗೆ ಹೋಗಿ ಪೈಪ್ ಬಡಿದು, ನಿಂತ ಕೋಣೆಯಲ್ಲಿ ಕೂಡು ಕೂಡಿಗೂ ನೊರೆ ಬಳಿದರು. ಮರುದಿನವೂ ಬಳಿದರು, ಅದರ ಮರುದಿನವೂ. ಗುಳ್ಳೆ ಏಳಲಿಲ್ಲ. ತುಂಬಿದ್ದ ಗ್ಯಾಸ್ ತೂಕದಲ್ಲಿ ಇಳಿದಿರಲಿಲ್ಲ. ಸೋರಿಕೆ ನಿಂತಿದೆ ಎಂದು ಮೇಡಂ ಬರೆದರು, ಸೋಪಕ್ಕ ಸಹಿ ಹಾಕಿದರು. ಸಭೆ ತೀರ್ಮಾನ ಬದಲಿಸಿತು. ಕಾನೂನಿನ ಗಡುವು ಬರುವವರೆಗೆ ಕಟ್ಟಡ ನಡೆಯುತ್ತದೆ. ಆಮೇಲೆ ಇದೇ ಗೋಡೆಗಳೊಳಗೆ ಬೇರೆ ಗ್ಯಾಸಿನ ಹೊಸ ಯಂತ್ರ ಬರುತ್ತದೆ. ಯಾರನ್ನೂ ಮನೆಗೆ ಕಳಿಸುವುದಿಲ್ಲ.

ತಮಗಾಗಿ ಸೋಪಕ್ಕ ಕೇಳಿಕೊಂಡಿರುವುದು ಒಂದೇ. ಹಳೆಯ ಗ್ಯಾಸನ್ನು ಪೈಪುಗಳಿಂದ ಸಿಲಿಂಡರಿಗೆ ಎಳೆದುಕೊಳ್ಳುವ ದಿನ, ಕೊನೆಯ ವಾಲ್ವನ್ನು ತಾವೇ ತಿರುಗಿಸಬೇಕು. "ಒಂದು ಗುಟುಕೂ ಹೊರಗೆ ಬಿಡಲ್ಲ. ಅಷ್ಟು ನನಗೆ ಬರುತ್ತೆ."

ಈ ಬೆಳಿಗ್ಗೆಯ ಪರೀಕ್ಷೆ ಮುಗಿದಿದೆ. ಸೋಪಕ್ಕ ಪೈಪನ್ನು ಬಡಿಯುತ್ತಾರೆ, ಮೊರೆತ ಮರಳಿ ಬಂದು ಎಲ್ಲ ಸದ್ದನ್ನೂ ಮುಚ್ಚಿಬಿಡುತ್ತದೆ. ಹೊರಗೆ ಬಿಸಿಲಿಗೆ ಬೆರಳು ಚಾಚಿ ನಿಂತವರನ್ನು, ಇವತ್ತು ಒಳಗೆ ಏನಾದರೂ ಕೇಳಿಸಿತೇ ಎಂದು ಕೇಳಿದರೆ, ಬ್ರಷ್ಷನ್ನು ಒದರಿ ಡಬ್ಬಿಯೊಳಗೆ ಇಳಿಸುತ್ತಾರೆ.

"ಕೇಳ್ಸುತ್ತೆ. ದಿನಾ ಕೇಳ್ಸುತ್ತೆ," ಎನ್ನುತ್ತ ಡಬ್ಬಿಯ ಮುಚ್ಚಳ ತಿರುಗಿಸುತ್ತಾರೆ. "ಗುಳ್ಳೆ ಎದ್ದಿದ್ರೆ ಬರೆಸ್ತಿದ್ದೆ, ಕಟ್ಟಡ ಮುಚ್ಚಿದ್ರೂ ಬರೆಸ್ತಿದ್ದೆ. ಗುಳ್ಳೆ ಏಳಲ್ಲ. ಅಂದ್ಮೇಲೆ ಆ ಉಸಿರು ಗ್ಯಾಸಿನದಲ್ಲ. ಯಾರದೋ ಇರಲಿ, ಬಿಟ್ಕೊಳ್ಲಿ."