ಕಫನ್ ಬಟ್ಟೆಯ ಪಾವತಿ

ಸಂಖ ಎಂಬ ಹಳ್ಳಿಯ ಬಟ್ಟೆ ಅಂಗಡಿಯ ಮುರಗೆಪ್ಪನನ್ನು ಕಂಡರೆ ಊರಿಗೆ ಆಗುತ್ತಿರಲಿಲ್ಲ. ಅವನಿಗೂ ಊರೆಂದರೆ ಅಷ್ಟಕ್ಕಷ್ಟೇ. ಅಪ್ಪನ ಗಾದಿಯ ಮೇಲೆ ಮೂವತ್ತು ವರ್ಷ ಕೂತು, ಯಾರಿಗೂ ಒಂದು ಬೆರಳಗಲ ಬಟ್ಟೆ ಹೆಚ್ಚಿಗೆ ಹರಿದು ಕೊಟ್ಟವನಲ್ಲ. ಮಕ್ಕಳಿಲ್ಲ, ಹೊಲವಿಲ್ಲ, ಅಂಗಡಿಯೇ ಅವನ ಜೀವ.

ಸ್ವಾತಂತ್ರ್ಯ ಬಂದ ಮರುವರ್ಷ ಸರಕಾರ ಬಟ್ಟೆಯ ಕಂಟ್ರೋಲ್ ತೆಗೆಯಿತು. ತೆಗೆದದ್ದೇ ತಡ, ಪೇಟೆಯ ದೊಡ್ಡ ಕುಳಗಳು ಮಾಲು ಬಚ್ಚಿಟ್ಟವು, ಒಂದು ರೂಪಾಯಿಯ ಬಟ್ಟೆ ಎರಡಕ್ಕೇರಿತು. ಆರೆಂಟು ತಿಂಗಳಲ್ಲಿ ಕಂಟ್ರೋಲ್ ಮತ್ತೆ ಬಂತು, ಈ ಸಲ ಹಲ್ಲು ಕಡಿಯುತ್ತ ಬಂತು. ರೇಶನ್ ಕಾರ್ಡು ನೋಡಬೇಕು, ಹರಿದ ಪ್ರತಿ ತುಂಡಿಗೂ ಪಾವತಿ, ಅಂದರೆ ರಸೀದಿ, ಬರೆದು ಗಿರಾಕಿಯ ಹೆಬ್ಬೆಟ್ಟು ಹಾಕಿಸಬೇಕು; ತಪ್ಪಿದರೆ ಲೈಸೆನ್ಸ್ ರದ್ದು. ನುಂಗಿದವರು ಪೇಟೆಯವರು, ಮೂಗುದಾರ ಬಿದ್ದದ್ದು ಹಳ್ಳಿಯ ಅಂಗಡಿಗೆ. ಆದರೆ ಮುರಗೆಪ್ಪನಿಗೆ ಅದೇ ಹಬ್ಬ. ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದ ಹಾಗಾಯಿತು. ಕಾರ್ಡಿನ ಮೂಲೆ ಹರಿದಿದ್ದರೂ ಸಾಕು, ಗಿರಾಕಿಯನ್ನು ಮೆಟ್ಟಿಲಿಳಿಸುತ್ತಿದ್ದ.

ಒಂದಕ್ಕೆ ಮಾತ್ರ ಅವನು ಪಾವತಿ ಬರೆಯುತ್ತಿರಲಿಲ್ಲ, ಹೆಣದ ಬಟ್ಟೆಗೆ. ಅದಕ್ಕೆ ಕಾರ್ಡು ಕೇಳಬಾರದು, ಅದನ್ನು ಪುಸ್ತಕದಲ್ಲಿ ಬರೆಯಬಾರದು; ಬರೆದರೆ ಸಾವು ಅಂಗಡಿಯ ಬೆನ್ನು ಹತ್ತುತ್ತದೆ ಎಂದು ಅಪ್ಪ ಹೇಳಿದ್ದ. ಹತ್ತಿ ಹಿಂಜುವ ಬಾದಶಹಾ ತೀರಿಕೊಂಡ ದಿನ ಕಫನ್‌ಗೆಂದು ಹತ್ತು ಗಜ ಬಿಳಿ ಬಟ್ಟೆಯನ್ನು ರೊಕ್ಕ ಎಣಿಸಿಕೊಂಡು, ಪಾವತಿ ಬರೆಯದೆ ಹರಿದು ಕೊಟ್ಟ.

ಹದಿನೈದು ದಿನಕ್ಕೆ ಜತ್ತದಿಂದ ಕಂಟ್ರೋಲಿನ ಇನ್ಸ್‌ಪೆಕ್ಟರ್ ಬಂದಿಳಿದ. ಊರವರೇ ಅರ್ಜಿ ಹಾಕಿದ್ದರು. ಬಟ್ಟೆ ಅಳೆದರೆ ಪುಸ್ತಕದ ಲೆಕ್ಕಕ್ಕಿಂತ ಹತ್ತು ಗಜ ಕಡಿಮೆ.

"ಕಾಳಾಬಜಾರ ಏನ್ರಿ?"

"ಹೆಣದ ಬಟ್ಟಿರಿ ಸಾಹೇಬ್ರ. ಅದನ್ನ ಬರೀಬಾರದು."

"ಹೆಣಕ್ಕ ಬ್ಯಾರೆ ಕಾಯದೆ ಇಲ್ಲ. ಯಾರ ಮನಿಗೆ ಕೊಟ್ಟೀರೋ ಅವರ ಹೆಬ್ಬಟ್ಟ ಹಾಕಿಸ್ಕೊಂಡ ಲಗೂನ ಬರ್ರಿ. ಇಲ್ಲಂದ್ರ ಅಂಗಡಿಗೆ ಸೀಲ."

ಮುರಗೆಪ್ಪ ಪಾವತಿ ಪುಸ್ತಕ, ಶಾಯಿ ಹಿಡಿದು ಬಾದಶಹಾನ ಮನೆಗೆ ಓಡಿದ. ಹೆಂಡತಿ ಅಮೀನಾಬಿ ಇದ್ದತ್ ಕೂತಿದ್ದಳು, ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊರಗೆ ಬರುವಂತಿಲ್ಲ. ಪರದೆಯ ಹಿಂದಿನಿಂದಲೇ ಎಲ್ಲ ಕೇಳಿಸಿಕೊಂಡಳು.

"ನಾ ಒತ್ತಲಿಲ್ಲಂದ್ರ ಏನಾಕ್ಕೈತ್ರಿ ಸಾವಕಾರ್ರ?"

"ಅಂಗಡಿ ಹೋಕ್ಕೈತಿ, ಅಮೀನಾಬಿ."

"ಹೋಗಲಿ. ಮಗಳ ನಿಕಾಹಕ್ಕ ಒಂದ ಅಂಗಿ ಬಟ್ಟಿ ಬೇಕಂತ ನಮ್ಮ ಮನಿಯವರು ಮೂರ ಸಲ ನಿನ್ನ ಅಂಗಡಿಗೆ ಬಂದ್ರು. ಕಾರ್ಡ ಈ ಊರಿಂದಲ್ಲ, ಕರಜಗೀದು ಅಂತ ಮೂರೂ ಸಲ ಹೊಳ್ಳಿ ಕಳಿಸಿದಿ. ನಾಕ ಮಂದ್ಯಾಗ ಹರಕ ಅಂಗಿ ಮ್ಯಾಲ ಕುಂತರು. ಸತ್ತ ಮ್ಯಾಲ ಹತ್ತ ಗಜ ಕೊಟ್ಟಿ. ಆವಾಗ ಕಾರ್ಡ ಯಾಕ ಕೇಳಲಿಲ್ಲ?"

ಎಂದೂ ಅವನಿಗೆ ಏಕವಚನ ಆಡದವಳು ಅಮೀನಾಬಿ.

"ಕಾಯದೆ ನಾ ಮಾಡೀನೇನ?"

"ಕಾಯದೆ ನೀ ಮಾಡಿಲ್ಲ. ಹೊಳ್ಳಿ ಕಳಿಸೂವಾಗ ನಕ್ಕಾಂವ ನೀನ. ಕಫನ್ ರೊಕ್ಕ ಮುಟ್ಟೇತಿ. ಹೆಬ್ಬಟ್ಟ ಸಿಗೂದಿಲ್ಲ, ನಡಿ."

ಮುರಗೆಪ್ಪನಿಗೆ ಮೈಯೆಲ್ಲ ಉರಿಯಿತು. ನಕ್ಕದ್ದು ನಿಜವಾಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ಬರಿಗೈಯಲ್ಲಿ ಬಂದವನನ್ನು ನೋಡಿ ಇನ್ಸ್‌ಪೆಕ್ಟರ್ ಒಂದು ದಾರಿ ತೋರಿಸಿದ. "ಮನಿ ಹೆಸರರೆ ಹೇಳ್ರಿ. ಪೊಲೀಸರನ್ನ ಕಳಿಸಿ ನಾನ ಬರಸ್ಕೋತೀನಿ."

ಹೆಸರೊಂದು ಹೇಳಿದ್ದರೆ ಅಂಗಡಿ ಉಳಿಯುತ್ತಿತ್ತು. ಎದುರಿನ ಕಟ್ಟೆಯ ಮೇಲೆ ಅದೇ ಕಫನ್ ಸುತ್ತಿದ ಹೆಣಕ್ಕೆ ಹೆಗಲು ಕೊಟ್ಟವರು ಕೂತಿದ್ದರು. ಒಬ್ಬನೂ ಬಾಯಿ ಬಿಡಲಿಲ್ಲ. ಪೊಲೀಸರು ಹೋದರೆ ಅಮೀನಾಬಿ ಅದೇ ಮಾತನ್ನು ಊರೆದುರು ಹೇಳುತ್ತಾಳೆ, ಸರಕಾರ ಅದನ್ನು ಬರೆದುಕೊಳ್ಳುತ್ತದೆ. ಅದನ್ನು ಇನ್ನೊಮ್ಮೆ ಕೇಳುವ ಎದೆ ಅವನಿಗಿರಲಿಲ್ಲ.

"ಯಾರ ಮನಿಗೂ ಕೊಟ್ಟಿಲ್ಲ," ಎಂದು ಸಿಡುಕಿದ. "ಕಾಳಾಬಜಾರದಾಗ ಮಾರೀನಿ. ಬರಕೋರಿ."

ಅಂಗಡಿಗೆ ಸೀಲು ಬಿತ್ತು. ಊರು ಅವತ್ತು ಬೆಲ್ಲ ಹಂಚಿತು. ಅಮೀನಾಬಿಯ ಮನೆಗೂ ಒಂದು ತುಂಡು ಹೋಯಿತು. ಅವಳು ತಿಂದಳು.