ಸತ್ತ ಚಾಲಕನೂ ‘ಪೂರ್ಣ ತೃಪ್ತ’!

ಬೆಳಗಿನ ಐದೂವರೆ. ಸರ್ಕಾರಿ ಬಸ್ ಡಿಪೊದಲ್ಲಿ ಮೊದಲ ಪಾಳಿಯ ಬಸ್ಸುಗಳು ಗುರುಗುಟ್ಟುತ್ತ ನಿಂತಿವೆ. ಸ್ವೆಟರ್ ತೊಟ್ಟ ನಲವತ್ತೇಳರ ಹೆಂಗಸೊಬ್ಬರು ರಟ್ಟಿಗೆ ಸಿಕ್ಕಿಸಿದ ಫಾರಂ ಹಿಡಿದು, ಚಾಲಕರೊಬ್ಬರ ಪಕ್ಕದಲ್ಲೇ ದಾಪುಗಾಲು ಹಾಕುತ್ತಿದ್ದಾರೆ.

“ಅಣ್ಣಾ, ನಿನ್ನೆ ಎಷ್ಟು ಗಂಟೆ ನಿದ್ದೆ ಮಾಡಿದ್ರಿ?”

“ನಿದ್ದೆನಾ? ಅದನ್ನ ಹಿಂದಿನ ಸೀಟಲ್ಲಿ ಕೂತೋರನ್ನ ಕೇಳಿ, ಅಕ್ಕ!”

ಸುತ್ತಲಿದ್ದವರೆಲ್ಲ ನಗುತ್ತಾರೆ. ಇವರ ಪೆನ್ನು ಫಾರಂ ಮೇಲೆಯೇ ಊರಿದೆ. ಚಾಲಕರ ದನಿ ತಗ್ಗುತ್ತದೆ. “ನಾಲ್ಕು ಗಂಟೆ ಅಂತ ಬರ್ಕೊಳ್ಳಿ. ಅಷ್ಟೂ ಇರ್ಲಿಲ್ಲವೇನೋ.”

ಡಿಪೊದವರು ಇವರಿಗಿಟ್ಟ ಹೆಸರು ‘ಪ್ರಶ್ನೆಯಕ್ಕ’. ಸರ್ಕಾರಿ ನೌಕರರ ಕೆಲಸ ಹೇಗೆ ನಡೆದಿದೆ, ಅವರಿಗೇನು ಕಷ್ಟ ಎಂದು ಕೇಳಿ ದಾಖಲಿಸುವ ಸಮೀಕ್ಷೆಯಲ್ಲಿ ಹದಿನಾಲ್ಕು ವರ್ಷದಿಂದ ಗುತ್ತಿಗೆ ಕೆಲಸ. ಒಂದು ಫಾರಂನಲ್ಲಿ ನಲವತ್ತೊಂದು ಪ್ರಶ್ನೆ, ದಿನಕ್ಕೆ ಹನ್ನೆರಡು ಫಾರಂ. “ಮನೇಲೂ ಹೀಗೇ ಜೀವ ತಿಂತಾಳೆ ಅಮ್ಮ,” ಎಂದು ಮಗಳು ಗೇಲಿ ಮಾಡುತ್ತಾಳೆ. ದರ್ಜಿ ಕೆಲಸದ ಗಂಡ ಬುತ್ತಿ ಕಟ್ಟಿಕೊಟ್ಟು ಕಳಿಸುತ್ತಾರೆ.

ಕಳೆದ ವರ್ಷ ಈ ಡಿಪೊದ ಬಾಗಿಲು ಇವರಿಗೆ ತೆರೆಯಲೇ ಇಲ್ಲ. “ನಾವೇ ತುಂಬಿಸಿ ಕಳಿಸ್ತೀವಿ,” ಎಂದರು ವ್ಯವಸ್ಥಾಪಕರು. ಬಂದವು ಇನ್ನೂರ ಹದಿನೆಂಟು ಫಾರಂ. ಒಂದೇ ಶಾಯಿ, ಒಂದೇ ಕೈಬರಹ, ಎಲ್ಲದಕ್ಕೂ ‘ಪೂರ್ಣ ತೃಪ್ತಿ’. ಹೆಸರುಗಳನ್ನು ಹಾಜರಿ ಪಟ್ಟಿಯೊಂದಿಗೆ ತಾಳೆ ನೋಡುತ್ತಿದ್ದ ಪ್ರಶ್ನೆಯಕ್ಕ ಒಂದು ಹೆಸರಿನ ಬಳಿ ನಿಂತರು. ಆ ಚಾಲಕರು ಎರಡು ತಿಂಗಳ ಹಿಂದೆಯೇ ತೀರಿಕೊಂಡಿದ್ದರು. ಬೆನ್ನುಬೆನ್ನಿಗೆ ಎರಡು ಪಾಳಿ ಮುಗಿಸಿ ಖಾಲಿ ಬಸ್ಸನ್ನು ಡಿಪೊಗೆ ತರುವಾಗ ಕಣ್ಣು ಮುಚ್ಚಿಹೋಗಿ, ಸೇತುವೆಯ ಗೋಡೆಗೆ ಬಡಿದು ಹೋದ ಜೀವ. ಆ ಫಾರಂನಲ್ಲಿತ್ತು: ‘ಪಾಳಿಯ ಹಂಚಿಕೆ — ಪೂರ್ಣ ತೃಪ್ತಿ’.

“ಸತ್ತವರ ಕೈಲೂ ಸುಳ್ಳು ಹೇಳ್ಸಿದ್ರಲ್ಲ!” ಎನ್ನುತ್ತಾರೆ ಪ್ರಶ್ನೆಯಕ್ಕ. “ಆ ಫಾರಂಗಳಿಗೆ ರುಜು ಹಾಕಲ್ಲ ಅಂದೆ. ‘ನಿನಗ್ಯಾಕಮ್ಮ ಊರ ಉಸಾಬರಿ’ ಅಂದ್ರು ನಮ್ಮ ಇಲಾಖೆ ಸಾಹೇಬ್ರು.”

ರುಜು ಹಾಕದೆ ಅವರು ಗೇಟಿನ ಹೊರಗೆ ನಿಂತರು. ಹತ್ತೊಂಬತ್ತು ಮುಂಜಾವು, ಇನ್ನೂರ ಹದಿನೇಳು ಮಂದಿ. ಕೆಲವರು ಹೆದರಿ ಮುಖ ತಿರುಗಿಸಿದರು. ಅವರನ್ನು ಟೀ ಅಂಗಡಿಯಲ್ಲಿ ಹಿಡಿದರು. ನೂರ ಅರವತ್ತಮೂರು ಮಂದಿ ಹೇಳಿದ್ದು ಒಂದೇ: ಐದು ಗಂಟೆಯೂ ನಿದ್ದೆಯಿಲ್ಲ. ವಿಶ್ರಾಂತಿ ಕೋಣೆಗೆ ಬೀಗ; ಒಳಗೆ ಹಳೆಯ ಟೈರುಗಳ ರಾಶಿ.

ಆ ಅಂಕಿಗಳನ್ನು ಸಾಹೇಬರ ಮೇಜಿನ ಮೇಲಿಟ್ಟು, ಇನ್ನೊಂದು ಪ್ರತಿಯನ್ನು ನೇರ ಮೇಲಿನ ಕಚೇರಿಗೇ ಒಯ್ದರು. ಗದ್ದಲವಾಯಿತು, ತನಿಖೆಯಾಯಿತು. ಜೋಡಿ ಪಾಳಿ ನಿಂತಿತು; ಮೊದಲ ಪಾಳಿಯವರ ನಿದ್ದೆ ಮಾತ್ರ ಇನ್ನೂ ಅರೆಬರೆ. ಟೈರುಗಳು ಹೊರಬಿದ್ದು ಕೋಣೆಯಲ್ಲಿ ಹನ್ನೆರಡು ಮಂಚ ಬಂದವು. ವರದಿಯ ಮೇಲೆ ಯಾರ ಹೆಸರು? ಉಸಾಬರಿ ಬೇಡವೆಂದ ಅದೇ ಸಾಹೇಬರದು. ಸುಳ್ಳು ಫಾರಂ ಕಳಿಸಿದ ವ್ಯವಸ್ಥಾಪಕರಿಗೆ ಬೇರೆ ಡಿಪೊದಲ್ಲಿ ಅದೇ ಕುರ್ಚಿ. ಪ್ರಶ್ನೆಯಕ್ಕನ ಗುತ್ತಿಗೆ ಮಾತ್ರ ವರ್ಷದಿಂದ ಆರು ತಿಂಗಳಿಗೆ ಇಳಿಯಿತು. ಕಾರಣ ಕೇಳಿದರೆ ‘ಆಡಳಿತಾತ್ಮಕ’ವಂತೆ! ನೌಕರರ ಕಷ್ಟ ಕೇಳಲೆಂದೇ ಇರುವ ಇಲಾಖೆ ತನ್ನ ಈ ನೌಕರಳನ್ನು ಒಂದು ಮಾತೂ ಕೇಳಿಲ್ಲ. ಗುತ್ತಿಗೆಯವರು ಸಮೀಕ್ಷೆಯ ವ್ಯಾಪ್ತಿಗೇ ಬರುವುದಿಲ್ಲ.

“ಬೇಜಾರಿಲ್ವಾ?” ಎಂದರೆ ಸಿಡುಕುತ್ತಾರೆ. “ಬೇಜಾರಲ್ಲ, ಸಿಟ್ಟು! ಸಿಟ್ಟು ಬರ್ದೇ ಇದ್ರೆ ಈ ಕೆಲ್ಸ ಮಾಡೋಕೆ ಲಾಯಕ್ಕೇ ಇಲ್ಲ.” ಮತ್ತೆ ತುಸು ತಣ್ಣಗಾಗಿ, “ನಂಗೆ ಹೆಸರು ಬೇಡ. ಫಾರಂ ಕೊನೇಲಿ ನಾಲ್ಕು ಖಾಲಿ ಗೆರೆ ಬಿಟ್ಟುಕೊಡಿ ಸಾಕು. ಪೂರ್ಣ ತೃಪ್ತಿ, ಅತೃಪ್ತಿ ಅಂತ ಎರಡೇ ಮನೆ ಇಟ್ರೆ ಮನುಷ್ಯ ಎಲ್ಲಿ ಹಿಡಿಸ್ತಾನೆ?” ಎನ್ನುತ್ತಾರೆ.

ಇಂದಿನ ಮೂರನೆಯ ಫಾರಂ ಒಬ್ಬ ಹಿರಿಯ ನಿರ್ವಾಹಕರದು. ಮುಗಿದ ಮೇಲೂ ಅವರು ಏನೋ ಹೇಳಲು ತಡವರಿಸುತ್ತ ನಿಂತಿದ್ದಾರೆ. ಪ್ರಶ್ನೆಯಕ್ಕ ಹಾಳೆಯನ್ನು ಮಗುಚಿ, ಖಾಲಿ ಬೆನ್ನ ಮೇಲೆ ಪೆನ್ನು ಊರುತ್ತಾರೆ.

“ಹೇಳಿ ಅಣ್ಣಾ, ಜಾಗ ಇದೆ.”