ಬೋಂಡದ ಕಾಗದ, ಆಕ್ಟೋಪಸ್ಸಿನ ರಕ್ತ

ಮೊನ್ನೆ ಸಂಜೆ ಅಜ್ಜಂಪುರದ ಗಿರಿಜತ್ತೆಯ ಮನೆಯಲ್ಲಿ ಮೆಣಸಿನಕಾಯಿ ಬೋಂಡದ ಪೊಟ್ಟಣ ಬಿಚ್ಚುತ್ತಿದ್ದೆ. ಟೀವಿಯಲ್ಲಿ ಕ್ವಿಜ್ ನಡೆಯುತ್ತಿತ್ತು. ನೀವೂ ನೋಡಿರುತ್ತೀರಿ. ಸೂಟು ಹಾಕಿದವರೊಬ್ಬರು ಯಾವುದೋ ದೇಶದ ಹಳೆಯ ರಾಜಧಾನಿ ಯಾವುದೆಂದು ಕೇಳುತ್ತಾರೆ, ಎದೆ ನಡುಗಿಸುವ ಸಂಗೀತ ಶುರುವಾಗುತ್ತದೆ, ಎದುರಿಗೆ ಕೂತವನು ಉತ್ತರವನ್ನು ಫ್ಯಾನಿನ ರೆಕ್ಕೆಯ ಮೇಲೆ ಬರೆದಿಟ್ಟವನ ಹಾಗೆ ಒಂದು ಗಳಿಗೆ ಮೇಲೆ ನೋಡುತ್ತಾನೆ. ಹೇಳಿಯೂ ಬಿಡುತ್ತಾನೆ. ಇವರೆಲ್ಲ ಇಷ್ಟನ್ನು ಎಲ್ಲಿ ತಿಳಿದುಕೊಳ್ಳುತ್ತಾರೆ ಎಂಬುದು ನನ್ನ ಬಹುಕಾಲದ ಹೊಟ್ಟೆಕಿಚ್ಚು. ನಾನು ಡಿಗ್ರಿ ಮಾಡಿದವನು, ಕಡೂರಿನಲ್ಲಿ ಕಚೇರಿಯ ಕೆಲಸ ಬೇರೆ. ಆದರೂ ನನ್ನ ಮೊಬೈಲಿನ ಪಾಸ್‌ವರ್ಡನ್ನು ನನ್ನ ಹೆಂಡತಿಯೇ ಹೇಳಿಕೊಡಬೇಕು.

ಪ್ರಯತ್ನ ಪಡಲಿಲ್ಲವೆಂದಲ್ಲ. ಒಮ್ಮೆ ದಪ್ಪನೆಯ ಸಾಮಾನ್ಯ ಜ್ಞಾನದ ಪುಸ್ತಕ ಕೊಂಡು ತಂದೆ. ನದಿಗಳು ಮುಗಿದು ಪರ್ವತಗಳು ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದೆ. ಈಗ ಅದು ನಮ್ಮ ಮನೆಯ ಕುಂಟು ಮಂಚದ ಕಾಲಿನ ಕೆಳಗಿದೆ. ಅಲ್ಲಿ ಅದರಿಂದ ನಿಜವಾಗಿಯೂ ಉಪಕಾರವಾಗಿದೆ.

ಆದರೆ ಇಂಥ ಪಂಡಿತರು ಹೇಗೆ ತಯಾರಾಗುತ್ತಾರೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅತ್ತೆಯ ಓಣಿಯ ತುದಿಯಲ್ಲಿ ಶಿವಣ್ಣನ ಬೋಂಡದಂಗಡಿ. ಶಿವಣ್ಣ ಹಳೆಯ ಪೇಪರಿನ ಹಾಳೆಯನ್ನು ನಡುವೆ ಮಡಚಿ ಸರ್ರನೆ ಹರಿದರೆ ಅರ್ಧ ನಿಮಗೆ, ಉಳಿದರ್ಧ ನಿಮ್ಮ ಹಿಂದೆ ನಿಂತವರಿಗೆ. ಅತ್ತೆ ಬೋಂಡ ತಿಂದು ಕೈ ತೊಳೆಯುವ ಮೊದಲೇ ಆ ಕಾಗದ ಓದುತ್ತಿದ್ದಳು. ಹೀಗಾಗಿ ಅವಳ ಜ್ಞಾನವೆಲ್ಲ ಅರ್ಧರ್ಧ. ಕೊಲೆಯಾದದ್ದು ಗೊತ್ತು, ಮಾಡಿದವನು ಯಾರೆಂದು ಗೊತ್ತಿಲ್ಲ. ಮಂಡಿನೋವಿಗೆ ರಾಮಬಾಣವಾದ ಸೊಪ್ಪಿನ ಗುಣಗಳೆಲ್ಲ ಬಾಯಿಪಾಠ, ಸೊಪ್ಪು ಯಾವುದೆಂದು ಗೊತ್ತಿಲ್ಲ. ಬೇರೆಯವರಾದರೆ ಕಾಗದ ಮುದುರಿ ಒಲೆಗೆ ಹಾಕುತ್ತಿದ್ದರು. ಅತ್ತೆಗೆ ಅನ್ನ ಸೇರುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಡಿಗೆ ಹೋಗಿ, "ಶಿವಣ್ಣ, ನನ್ ಹಿಂದೆ ಯಾರ್ ನಿಂತಿದ್ರು ಹೇಳಪ್ಪ" ಎಂದು ಕೇಳುತ್ತಿದ್ದಳು. ಪೊಲೀಸರೂ ಹಾಗೆ ವಿಚಾರಿಸುವುದಿಲ್ಲ. ಹೀಗೆ ಯಾರ್ಯಾರದೋ ಅಡುಗೆಮನೆಗೆ ನುಗ್ಗಿ, ಎಣ್ಣೆಕಾಗದ ಜೋಡಿಸಿ ಓದಿ, ಕಾಫಿ ಕುಡಿದು ಬರುತ್ತಿದ್ದಳು.

ಪೀಕಲಾಟಕ್ಕೆ ಬಂದದ್ದು ಉಳಿದರ್ಧ ಎದುರುಮನೆಯ ರುದ್ರಮ್ಮನ ಪಾಲಾದ ದಿನ. ಅತ್ತೆಯ ತೆಂಗಿನಮರದ ಗರಿಯೊಂದು ಗಾಳಿಗೆ ಕಳಚಿ, ರುದ್ರಮ್ಮ ಒಣಹಾಕಿದ್ದ ಸಂಡಿಗೆಯ ಮೇಲೆ ಬಿದ್ದು, ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಸಮುದ್ರದಲ್ಲಿರುವ ಆಕ್ಟೋಪಸ್ ಎಂಬ ಎಂಟು ಕೈಗಳ ಪ್ರಾಣಿಗೆ ಮೂರು ಹೃದಯ ಎಂದು ಅತ್ತೆಯ ಅರ್ಧದಲ್ಲಿತ್ತು. ಮೂರು ಯಾಕೆ ಎಂಬುದು ಸಂಡಿಗೆಯವರ ಮನೆಯಲ್ಲಿತ್ತು. ಅತ್ತೆ ಅಂಗಳದಲ್ಲಿ ಶತಪಥ ತಿರುಗಿ, ಕೊನೆಗೆ ಮಾನ ಮರ್ಯಾದೆಯನ್ನೆಲ್ಲ ಕಟ್ಟಿಟ್ಟು ಓಣಿ ದಾಟಿದಳು. ಮಜಾ ನೋಡಲು ನಾನೂ ಹಿಂದೆಯೇ ಹೋದೆ.

"ಏನ್ ಗಿರಿಜಕ್ಕ, ನನ್ ಸಂಡಿಗೆ ತಂದ್ರಾ?" ಎಂದಳು ರುದ್ರಮ್ಮ.

"ಸಂಡಿಗೆ ಹಾಳಾಗೋಗ್ಲಿ. ಮೂರ್ ಹೃದಯ ಯಾಕಂತೆ, ಅದ್ ಹೇಳು."

ರುದ್ರಮ್ಮನ ಮುಖ ಅರಳಿತು. "ಕಿವಿರಿಗೆ ಎರಡು, ಮೈಗೆ ಒಂದು ಅಂತ ಐತೆ. ಯಾವ್ದರದು ಅಂತ ಗೊತ್ತಾಗ್ದೆ ನಂಗೂ ತಲೆ ಕೆಟ್ಟೋಗಿತ್ತು. ಬನ್ನಿ, ಒಳಗ್ ಬನ್ನಿ."

ಅಂದಿನಿಂದ ಇಬ್ಬರೂ ಬೇಕೆಂದೇ ಒಬ್ಬರ ಹಿಂದೊಬ್ಬರು ನಿಂತು ಬೋಂಡ ಕಟ್ಟಿಸಿಕೊಳ್ಳತೊಡಗಿದರು.

ತರೀಕೆರೆಯಲ್ಲಿ ಹೆಂಗಸರಿಗೆ ಕ್ವಿಜ್ ಇಟ್ಟಾಗ ಇವರದೇ ಜೋಡಿ. ಉಳಿದವರು ಪ್ರಶ್ನೆ ಪೂರ್ತಿ ಕೇಳಿಸಿಕೊಂಡು ಗಂಟೆ ಒತ್ತಿದರೆ ಇವರು ಅರ್ಧಕ್ಕೇ ಒತ್ತುತ್ತಿದ್ದರು. ಅರ್ಧದ ಮೇಲೆ ಉಳಿದದ್ದನ್ನು ಊಹಿಸುವುದು ಅವರ ನಿತ್ಯದ ಅಡುಗೆ. ಕೊನೆಯ ಪ್ರಶ್ನೆ: ಆಕ್ಟೋಪಸ್ಸಿನ ರಕ್ತದ ಬಣ್ಣ ಯಾವುದು? ನನಗೆ ಖುಷಿಯಾಯಿತು, ಗೆದ್ದೇಬಿಟ್ಟರು ಎಂದುಕೊಂಡೆ. ಆದರೆ ಶಿವಣ್ಣ ಹಾಳೆ ಹರಿದದ್ದು ಸರಿಯಾಗಿ ಆ ಬಣ್ಣದ ಮೇಲೆಯೇ, ಉಳಿದ ಅಕ್ಷರಗಳ ಮೇಲೆ ಎಣ್ಣೆ ಕಲೆ. ಅತ್ತೆ "ಕಪ್ಪು" ಎಂದಳು. ರುದ್ರಮ್ಮ "ಹಸಿರು" ಎಂದಳು. "ಎಣ್ಣೆ ಕಲೆ ನಿಮ್ ಅರ್ಧದಾಗೇ ಇದ್ದಿದ್ದು", "ನಿಂದೇ ಕಣೇ, ನಾನ್ ನೋಡಿಲ್ವಾ" ಎಂದು ವೇದಿಕೆಯ ಮೇಲೆಯೇ ಜಗಳ ಹತ್ತಿತು. ಆ ಗಲಾಟೆಯಲ್ಲಿ ಸರಿ ಉತ್ತರ ಹೇಳಿದ್ದು ನಮಗೆ ಯಾರಿಗೂ ಕೇಳಿಸಲಿಲ್ಲ. ಎರಡನೇ ಬಹುಮಾನದ ಪ್ಲಾಸ್ಟಿಕ್ ಬಕೆಟ್ಟನ್ನು ಇಬ್ಬರೂ ಒಂದೊಂದು ಕಡೆ ಹಿಡಿದುಕೊಂಡು, ಅಜ್ಜಂಪುರದವರೆಗೂ ಇಡೀ ಬಸ್ಸಿಗೆ ಕೇಳುವಂತೆ ಕಿತ್ತಾಡಿಕೊಂಡು ಬಂದರು.

ಮೊಬೈಲಿನಲ್ಲಿ ನೋಡಿ ಹೇಳುತ್ತೇನೆ ಎಂದರೆ ಅತ್ತೆ ನನ್ನ ಕೈ ಹಿಡಿದುಕೊಂಡಳು. "ಬ್ಯಾಡ ಕಣೋ. ಗೊತ್ತಾಗ್ಬಿಟ್ರೆ ನಾಳೆಯಿಂದ ಅವಳ ಹತ್ರ ಏನಂತ ಜಗಳ ಆಡ್ಲಿ?"

ಆ ಜಗಳ ಬೇಕಾದಷ್ಟು ವರ್ಷ ಬಾಳಿಕೆ ಬಂತು. ಹೋದ ವರ್ಷ ರುದ್ರಮ್ಮ ತೀರಿಕೊಂಡಳು. ಅಂತ್ಯಸಂಸ್ಕಾರದ ದಿನ ಹೋಗಿ ಬಂದ ಅತ್ತೆ ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಬೋಂಡ ತಂದುಕೊಟ್ಟರೆ ತಿನ್ನುತ್ತಾಳೆ, ಕಾಗದವನ್ನು ಓದದೆ ಮುದುರಿ ಎಸೆಯುತ್ತಾಳೆ.

ಮೊನ್ನೆಯ ಕ್ವಿಜ್‌ಗೆ ಬರುತ್ತೇನೆ. ಸೂಟಿನವರು ಕೇಳಿಯೇ ಬಿಟ್ಟರು, ಆಕ್ಟೋಪಸ್ಸಿನ ರಕ್ತದ ಬಣ್ಣ ಯಾವುದು ಅಂತ. ನಾನು ರಿಮೋಟಿಗೆ ತಡಕಾಡುವಷ್ಟರಲ್ಲಿ ಆ ಮಹಾನುಭಾವ ಫ್ಯಾನು ನೋಡಿ "ನೀಲಿ" ಎಂದ. ಚಪ್ಪಾಳೆ.

ಅತ್ತೆ ಅಗಿಯುವುದನ್ನು ನಿಲ್ಲಿಸಿದಳು. ಆಮೇಲೆ, "ಹೋಗಿ ರುದ್ರಿ ಸೊಸೆಗೆ ಹೇಳ್ಬಿಟ್ಟು ಬಾ" ಎಂದಳು.

ವಯಸ್ಸಾದ ಗಂಡಸು ಲುಂಗಿಯಲ್ಲಿ ಓಣಿ ದಾಟಿ ಬಾಗಿಲು ತಟ್ಟಿ, ಆಕ್ಟೋಪಸ್ಸಿನ ರಕ್ತ ನೀಲಿಯಂತೆ ಎಂದು ಹೇಳುವುದಿದೆಯಲ್ಲ, ಆ ಮುಜುಗರ ಶತ್ರುವಿಗೂ ಬೇಡ. ಕೈಯೆಲ್ಲ ರೊಟ್ಟಿ ಹಿಟ್ಟಾಗಿದ್ದ ಸೊಸೆ ಒಂದಿಷ್ಟೂ ಆಶ್ಚರ್ಯಪಡಲಿಲ್ಲ.

"ಹೌದಾ? ನಮ್ಮತ್ತೆ ಹಸಿರು ಅಂತಿದ್ರು. ನಿಮ್ಮತ್ತೇದು ಕಪ್ಪಲ್ವಾ?"

"ಹೂಂ."

ಅವಳು ಯೋಚಿಸಿದಳು. "ನೀಲಿಗೆ ಹಸಿರೇ ಹತ್ರ ಕಣಣ್ಣ. ನಮ್ಮತ್ತೇನೇ ಗೆದ್ರು ಅಂತ ಹೇಳ್ಬಿಡಿ."

ಬಂದು ಹಾಗೆಯೇ ಹೇಳಿದೆ. ಅತ್ತೆ ಟೀವಿ ಆರಿಸಿದಳು. "ಅದೆಂಗೆ ಹತ್ರ ಆಯ್ತದೆ?" ಎನ್ನುತ್ತ ಉಳಿದ ಬೋಂಡಗಳನ್ನು ತಟ್ಟೆಗೆ ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಎದುರುಮನೆಯ ಹೊಸ್ತಿಲು ದಾಟಿದ ಮೇಲೂ ದನಿ ಕೇಳುತ್ತಿತ್ತು. "ನಿಮ್ಮತ್ತೆ ಯಾವಾಗ್ಲೂ ಇಂಗೇ ಕಣಮ್ಮ, ಸೋತ್ರೂ ಒಪ್ಪವಳಲ್ಲ..."

ನನ್ನ ಮುಂದೆ ಬೋಂಡ ಕಟ್ಟಿದ್ದ ಕಾಗದವಷ್ಟೇ ಉಳಿಯಿತು. ಎಸೆಯಲು ಹೋದವನು ಬಿಡಿಸಿ ಓದಿದೆ. ಒಂಟೆಯ ಡುಬ್ಬದಲ್ಲಿ ಇರುವುದು ನೀರಲ್ಲ ಎಂಬಲ್ಲಿಗೆ ಹರಿದಿತ್ತು. ಮರೆತುಬಿಡಲು ನೋಡಿದೆ. ಆಗಲಿಲ್ಲ. ನನ್ನ ಹಿಂದೆ ಯಾರು ನಿಂತಿದ್ದರೆಂದು ಕೇಳಲು ಶಿವಣ್ಣನ ಅಂಗಡಿಗೆ ಹೊರಟೆ.